ಶಿಲಾಶಾಸನವೂ ತರಗತಿಯ ಯಂತ್ರಸಾಧನಗಳೂ: ಶಿಕಾರಿಪುರ–ಸೊರಬ ಸೀಮೆಯ ಒಂದು ಬೋಧನಾನುಭವ

ಇತಿಹಾಸದ ಬೋಧನೆಯಲ್ಲಿ ಹೊಸ ಯಂತ್ರಸಾಧನಗಳನ್ನು ಬಳಸಬೇಕೇ ಬೇಡವೇ ಎಂಬ ಪ್ರಶ್ನೆ ಈಗ ಉಳಿದಿಲ್ಲ. ವಿದ್ಯಾರ್ಥಿಯ ಕೈಯಲ್ಲಿ ಮೊಬೈಲು ಫೋನು ಇರುವಾಗ ಅವನು ಅದನ್ನು ಬಳಸಿಯೇ ಬಳಸುತ್ತಾನೆ. ಅದರಿಂದ ಯಾವುದು ದೊರೆಯುತ್ತದೆ, ಯಾವುದು ತಪ್ಪಿಹೋಗುತ್ತದೆ ಎಂಬುದನ್ನು ಅರಿತು ನಡೆಯುವುದಷ್ಟೇ ಅಧ್ಯಾಪಕನಿಗೆ ಉಳಿದಿರುವ ಕೆಲಸ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಕೆಲವು ವರ್ಷಗಳಿಂದ ಪ್ರಾಚೀನ ಕರ್ನಾಟಕದ ಇತಿಹಾಸವನ್ನು ಬೋಧಿಸುತ್ತ ಬಂದಿರುವ ನಾವು, ಈ ವಿಷಯದಲ್ಲಿ ನಮಗೆ ಒದಗಿದ ಅನುಭವವನ್ನು ಅಧ್ಯಾಪಕ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದಿಡಲು ಇಲ್ಲಿ ಯತ್ನಿಸಿದ್ದೇವೆ.

ಈ ಎರಡು ತಾಲ್ಲೂಕುಗಳು ಶಾಸನಗಳ ಭಂಡಾರವೆಂಬುದು ವಾಚಕರಿಗೆ ವಿದಿತವೇ ಇದೆ. ಕದಂಬರ ಮೂಲವನ್ನು ತಿಳಿಸುವ ತಾಳಗುಂದದ ಸ್ತಂಭಶಾಸನ, ಪ್ರಾಕೃತ ಲೇಖವುಳ್ಳ ಮಳವಳ್ಳಿಯ ಕಂಬ, ಬಳ್ಳಿಗಾವೆಯ ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳು, ಬಂದಳಿಕೆಯ ಬಸದಿ ಮತ್ತು ಗುಡಿಗಳು, ಸೊರಬ ಸೀಮೆಯ ಕುಪ್ಪಟೂರು, ಉದ್ರಿ, ಚಂದ್ರಗುತ್ತಿ ಇವೆಲ್ಲ ನಮ್ಮ ಕಾಲೇಜುಗಳಿಂದ ಒಂದು ಹಗಲಿನ ಪ್ರಯಾಣದೊಳಗಿವೆ. ಇವಲ್ಲದೆ ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಊರಬಾಗಿಲಿನಲ್ಲಿ ನಿಂತ ವೀರಗಲ್ಲುಗಳಂತೂ ಹಳ್ಳಿಹಳ್ಳಿಯಲ್ಲಿಯೂ ಕಾಣುತ್ತವೆ. ಹೀಗಿದ್ದರೂ ನಮ್ಮ ವಿದ್ಯಾರ್ಥಿಗಳು ಇತಿಹಾಸವನ್ನು ಟಿಪ್ಪಣಿ ಪುಸ್ತಕದಿಂದ ಬಾಯಿಪಾಠ ಮಾಡುತ್ತಿದ್ದರೇ ಹೊರತು, ತಮ್ಮ ಮನೆಯ ಹಿತ್ತಿಲಿನ ಕಲ್ಲಿಗೂ ಆ ಪಾಠಕ್ಕೂ ಸಂಬಂಧವುಂಟೆಂದು ಎಣಿಸಿರಲಿಲ್ಲ.

ಕಲ್ಲನ್ನು ಯಂತ್ರದ ಮೂಲಕ ಓದುವ ಪ್ರಯತ್ನ ಈ ಸೀಮೆಗೆ ಹೊಸದಲ್ಲ. 1865ರಲ್ಲಿ ಮೈಸೂರು ಸರ್ಕಾರಕ್ಕಾಗಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಬಳ್ಳಿಗಾವೆಯ ಶಾಸನಗಳೂ ಸೇರಿದ್ದುವು. ಅವನ್ನು ಓದಿ ಅನುವಾದಿಸುವ ಹೊಣೆ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಬಿ. ಎಲ್. ರೈಸ್ ಅವರ ಪಾಲಿಗೆ ಬಂತು. 1879ರಲ್ಲಿ ಪ್ರಕಟವಾದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥ ಅದರ ಫಲ. ಆದರೆ ಕಾರ್ಯ ಅಲ್ಲಿಗೆ ಮುಗಿಯಲಿಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಿಗಾಗಿ ರೈಸ್ ಅವರೂ ಅವರ ಪಂಡಿತರೂ ಊರೂರಿಗೆ ಹೋಗಿ ಕಲ್ಲಿನ ಎದುರಿನಲ್ಲಿಯೇ ಪ್ರತಿಮಾಡಿಕೊಳ್ಳಬೇಕಾಯಿತು. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಅಚ್ಚಾದುವು. ಚಿತ್ರವು ಕೆಲಸವನ್ನು ಆರಂಭಿಸಿಕೊಟ್ಟಿತು, ಕಲ್ಲು ಅದನ್ನು ಮುಗಿಸಿತು. ನಮ್ಮ ಅನುಭವವೂ ಕಡೆಗೆ ಇದೇ ಹಾದಿಯನ್ನು ಹಿಡಿಯಿತು.

ನಮ್ಮ ಪ್ರಯೋಗಕ್ಕೆ ಕಾರಣವಾದದ್ದು ಒಂದು ಸಂಕಟ. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದಿಂದ ಕಾಲೇಜುಗಳು ಮುಚ್ಚಿದಾಗ ನಾವೂ ಇತರರಂತೆ ಫೋನಿನ ಮೂಲಕ ಉಪನ್ಯಾಸ ಮಾಡತೊಡಗಿದೆವು. ಸೊರಬದ ಕಾಡಂಚಿನ ಹಳ್ಳಿಗಳ ಹುಡುಗರು ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾಗಿತ್ತು; ಮಳೆಗಾಲದಲ್ಲಿ ಕೊಡೆ ಹಿಡಿದು ನಿಂತು ಕೇಳಿದವರೂ ಉಂಟು. ಮನೆಯಲ್ಲಿ ಒಂದೇ ಫೋನಿದ್ದು ಅದು ತಂದೆಯೊಡನೆ ಹೊಲಕ್ಕೆ ಹೋಗಿಬಿಡುತ್ತಿತ್ತೆಂದು ಹೇಳಿದ ವಿದ್ಯಾರ್ಥಿನಿಯರಿದ್ದರು. ನಾವು ಮಾತನಾಡಿದ್ದರಲ್ಲಿ ಎಷ್ಟು ಅವರಿಗೆ ತಲಪಿತೆಂಬುದು ನಮಗೇ ತಿಳಿಯದು. ಆಗ ಕ್ರಮವನ್ನು ತಿರುಗಿಸಿ, ‘ನೀವು ನಮ್ಮ ಮಾತನ್ನು ಕೇಳುವುದು ಬೇಡ, ನಿಮ್ಮ ಊರಿನ ಒಂದು ಕಲ್ಲನ್ನು ನೋಡಿ, ಅದರ ಚಿತ್ರ ತೆಗೆದು, ಪೇಟೆಗೆ ಬಂದಾಗ ಕಳುಹಿಸಿ’ ಎಂದೆವು. ಎಡೆಬಿಡದ ಸಂಪರ್ಕವನ್ನು ಬೇಡದ ಈ ಕೆಲಸವನ್ನು ಉಪನ್ಯಾಸಕ್ಕೆ ಬಾರದಿದ್ದವರೂ ಮಾಡಿದರು.

ಮೊದಲು ಬಂದ ಚಿತ್ರಗಳಲ್ಲಿ ಅಕ್ಷರಗಳು ಕಾಣುತ್ತಿರಲಿಲ್ಲ. ನಡುಹಗಲಿನ ನೇರ ಬೆಳಕಿನಲ್ಲಿ ಸವೆದ ಅಕ್ಷರದ ತಗ್ಗಿಗೆ ನೆರಳು ಬೀಳದಿರುವುದೇ ಇದಕ್ಕೆ ಕಾರಣ. ಮುಂಜಾನೆ ಅಥವಾ ಸಂಜೆಯ ಓರೆಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮುಖಕ್ಕೆ ತಾಗುವಂತೆ ಪಕ್ಕದಿಂದ ಹಿಡಿದು ಚಿತ್ರ ತೆಗೆದರೆ, ಬೆರಳಿಗೆ ಮಾತ್ರ ಸಿಗುವ ಗೀರು ಸಹ ಕಣ್ಣಿಗೆ ಕಾಣುತ್ತದೆ. ಶಾಸ್ತ್ರೀಯವಾದ ಪಡಿಯಚ್ಚಿನ ತತ್ತ್ವವೂ ಇಂಥದೇ: ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿದಾಗ ತಗ್ಗಿನ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಎರಡರಲ್ಲಿಯೂ ಕಾಣುವುದು ಕಲ್ಲಿನ ಬಣ್ಣವಲ್ಲ, ಅದರ ಏರುತಗ್ಗು.

ಎರಡನೆಯ ಸಾಧನ ಮೂರು ಆಯಾಮದ ಪ್ರತಿಕೃತಿ. ಕಲ್ಲಿನ ಸುತ್ತ ನಡೆಯುತ್ತ, ಒಂದು ಚಿತ್ರದ ಹೆಚ್ಚಿನ ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತೆ ಹಲವು ಚಿತ್ರಗಳನ್ನು ತೆಗೆದರೆ, ಗಣಕಯಂತ್ರವು ಅವುಗಳಲ್ಲಿ ಸಮಾನವಾದ ಬಿಂದುಗಳನ್ನು ಗುರುತಿಸಿ, ಪ್ರತಿಯೊಂದು ಚಿತ್ರವೂ ಎಲ್ಲಿಂದ ತೆಗೆದದ್ದೆಂದು ಲೆಕ್ಕಹಾಕಿ, ಕಲ್ಲಿನ ಮೇಲ್ಮೈಯನ್ನು ಪುನಃ ಕಟ್ಟುತ್ತದೆ. ಅನಂತರ ಬಣ್ಣವನ್ನು ತೆಗೆದುಹಾಕಿದರೆ ಎಣ್ಣೆಯ ಜಿಡ್ಡು, ಕುಂಕುಮ, ಹಾವಸೆ ಎಲ್ಲವೂ ಮರೆಯಾಗಿ ಆಕಾರ ಮಾತ್ರ ಉಳಿಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಇದಕ್ಕಿಂತ ಸೂಕ್ಷ್ಮವಾದ ಯಂತ್ರಗಳಿಂದ ಈ ಬಗೆಯಾಗಿ ದಾಖಲಿಸುತ್ತ ಬಂದಿದೆ. ನಮ್ಮ ವಿದ್ಯಾರ್ಥಿಗಳ ಪ್ರತಿಕೃತಿಗಳು ಒರಟಾಗಿದ್ದರೂ ವೀರಗಲ್ಲಿನ ಮೂರು ಅಂತಸ್ತುಗಳನ್ನು, ಎಂದರೆ ಕೆಳಗಿನ ಕಾಳಗ, ನಡುವೆ ವೀರನನ್ನೊಯ್ಯುವ ದೇವಕನ್ನೆಯರು, ಮೇಲೆ ಲಿಂಗದ ಸನ್ನಿಧಿ ಇವುಗಳನ್ನು, ತರಗತಿಯ ಗೋಡೆಯ ಮೇಲೆ ತೋರಿಸಲು ಸಾಕಾದುವು.

ಮೂರನೆಯದು ಅಚ್ಚಾದ ಪಾಠ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಳೆಯ ಸಂಪುಟಗಳು ಈಗ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ದೊರೆಯುತ್ತವೆ. ನಮ್ಮಂಥ ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಇಲ್ಲದಿದ್ದ ಪುಸ್ತಕವು ಹಳ್ಳಿಯ ಹುಡುಗಿಯ ಕೈಗೆ ಬಂದದ್ದು ಸಣ್ಣ ಲಾಭವಲ್ಲ. ಆದರೆ ಇಲ್ಲಿ ಒಂದು ತೊಡಕಿದೆ. ಹಳಗನ್ನಡದ ‘ಱ’ ಮತ್ತು ‘ೞ’ ಅಕ್ಷರಗಳು ಯೂನಿಕೋಡಿನಲ್ಲಿ ಇದ್ದರೂ (‘ೞ’ಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದು ಹಾಗೆಯೇ ಉಳಿದಿದೆ) ನಿತ್ಯದ ಕೀಲಿಮಣೆಯಲ್ಲಿ ಅವನ್ನು ಹುಡುಕುವವರು ವಿರಳ. ‘ಅಳಿ’ ಎಂದು ಬೆರಳಚ್ಚಿಸಿ ಹುಡುಕಿದ ವಿದ್ಯಾರ್ಥಿಗೆ ‘ಅೞಿ’ ಎಂದಿರುವ ಶಾಸನ ಸಿಗುವುದಿಲ್ಲ. ಇಲ್ಲವೆಂದೇ ಅವನು ತೀರ್ಮಾನಿಸುತ್ತಾನೆ.

ಈ ತೊಡಕು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಒಂದು ನಿದರ್ಶನ. ವೀರಗಲ್ಲುಗಳಲ್ಲಿ ‘ತುಱುವಂ ಮಗುೞ್ಚಿ’ ಎಂಬ ಮಾತು ಬರುತ್ತದೆ. ಶತ್ರುಗಳು ಹಿಡಿದೊಯ್ದ ದನಗಳನ್ನು ಮರಳಿಸಿ ಎಂದು ಅದರ ಅರ್ಥ. ಒಬ್ಬ ವಿದ್ಯಾರ್ಥಿ ಇದನ್ನು ಪ್ರಶ್ನೆಗಳಿಗೆ ಉತ್ತರಿಸುವ ಯಂತ್ರವೊಂದಕ್ಕೆ ಹಾಕಿ ಅರ್ಥ ಕೇಳಿದನು. ಯಂತ್ರವು ‘ತುಱು’ವನ್ನು ತುರುಬೆಂದೂ ‘ಮಗುೞ್’ ಎಂಬುದನ್ನು ಮಗಳೆಂದೂ ಗ್ರಹಿಸಿ, ಮಗಳ ತುರುಬಿನ ಮಾನಕ್ಕಾಗಿ ಹೋರಾಡಿ ಮಡಿದ ತಂದೆಯೊಬ್ಬನ ಕಥೆಯನ್ನು ಸ್ವಲ್ಪವೂ ಅನುಮಾನವಿಲ್ಲದ ಧಾಟಿಯಲ್ಲಿ ಹೇಳಿತು. ತರಗತಿ ಅದನ್ನು ಮೆಚ್ಚಿ ಕೇಳಿತು. ಕೊನೆಯ ಬೆಂಚಿನಲ್ಲಿದ್ದ, ರಜೆಯಲ್ಲಿ ದನ ಮೇಯಿಸುವ ಹುಡುಗನೊಬ್ಬನು ಎದ್ದು, ‘ಸರ್, ತುರುಮಂದೆ ಅಂತಾರಲ್ಲ, ಆ ತುರು ಅಲ್ವಾ ಇದು? ಕಲ್ಲಿನ ಮೇಲೆ ದನಾನೇ ಕೆತ್ತಿದಾರಲ್ಲ’ ಎಂದನು. ಯಂತ್ರವು ನೋಡದಿದ್ದ ಕಲ್ಲನ್ನು ಅವನು ನೋಡಿದ್ದನು. ಅಂದಿನಿಂದ ಯಾವ ಯಂತ್ರದ ಓದನ್ನೂ ಶಿಲ್ಪದೊಡನೆ, ನಿಘಂಟಿನೊಡನೆ, ಅಚ್ಚಾದ ಪಾಠದೊಡನೆ ಹೋಲಿಸದೆ ಒಪ್ಪಬಾರದೆಂಬ ನಿಯಮವನ್ನು ಮಾಡಿಕೊಂಡೆವು. ತಪ್ಪಿದ ಉತ್ತರವನ್ನು ಮುಚ್ಚಿಡದೆ, ಅದು ಏಕೆ ತಪ್ಪಿತೆಂದು ವಿಚಾರಿಸುವುದೇ ಈಗ ನಮ್ಮ ಹಳಗನ್ನಡ ಪಾಠದ ಮೊದಲ ಮೆಟ್ಟಿಲು.

ಇದಕ್ಕಿಂತ ಗುರುತರವಾದ ತಪ್ಪು ನಮ್ಮಿಂದಲೇ ನಡೆಯಿತು. ವಿದ್ಯಾರ್ಥಿಗಳು ತಂದ ಚಿತ್ರಗಳನ್ನೆಲ್ಲ ಒಂದು ಭೂಪಟದಲ್ಲಿ ಗುರುತಿಸಿ, ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ಬರೆದು, ಯಾರಾದರೂ ನೋಡಬಹುದಾದಂತೆ ತೆರೆದಿಟ್ಟೆವು. ಅದು ನಮಗೆ ಹೆಮ್ಮೆಯ ವಿಷಯವಾಗಿತ್ತು. ಕೆಲವು ತಿಂಗಳ ಮೇಲೆ, ಊರಿನಿಂದ ದೂರದಲ್ಲಿದ್ದ ವೀರಗಲ್ಲೊಂದರ ಬುಡವನ್ನು ರಾತ್ರಿ ಯಾರೋ ಅಗೆದು ಕೆಡವಿದ್ದರೆಂಬ ಸುದ್ದಿಯನ್ನು ಅದೇ ಊರಿನ ವಿದ್ಯಾರ್ಥಿನಿ ತಂದಳು. ಶಾಸನದ ಕಲ್ಲಿನ ಕೆಳಗೆ ನಿಧಿಯಿದೆಯೆಂಬ ನಂಬಿಕೆ ಈ ಕಡೆ ಬಹಳ ಹಳೆಯದು. ಆದುದರಿಂದ ನಮ್ಮ ಭೂಪಟವೇ ಇದಕ್ಕೆ ಕಾರಣವೆಂದು ಹೇಳಲಾಗದು. ಅಲ್ಲವೆಂದೂ ಹೇಳಲಾಗದು. ಕಲ್ಲು ಎರಡು ಹೋಳಾಗಿತ್ತು. ಒಡೆದ ಜಾಗದಲ್ಲಿದ್ದ ಸಾಲು ಈಗ ನಮ್ಮ ಬಳಿಯಿರುವ ಪ್ರತಿಕೃತಿಯಲ್ಲಿ ಮಾತ್ರ ಉಳಿದಿದೆ. ‘ನಾನು ಚಿತ್ರ ತೆಗೆಯದಿದ್ದರೆ ಚೆನ್ನಾಗಿತ್ತೇ ಸಾರ್?’ ಎಂದು ಆಕೆ ಕೇಳಿದಾಗ ನಮ್ಮಲ್ಲಿ ಒಡನೆ ಉತ್ತರವಿರಲಿಲ್ಲ. ಭೂಪಟವನ್ನು ಅಂದೇ ಮುಚ್ಚಿದೆವು. ಈಗ ಊರಿನ ಹೆಸರನ್ನು ಮಾತ್ರ ತಿಳಿಸಿ, ನಿಖರವಾದ ಸ್ಥಳವನ್ನು ವಿಭಾಗದ ದಾಖಲೆಯಲ್ಲಿ ಪ್ರತ್ಯೇಕವಾಗಿಟ್ಟು, ಗ್ರಾಮ ಪಂಚಾಯತಿಗೂ ಪುರಾತತ್ತ್ವ ಇಲಾಖೆಗೂ ತಿಳಿಸುತ್ತೇವೆ. 1878ರ ನಿಧಿ ಕಾಯಿದೆಯನ್ನೂ 1961ರ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆಯನ್ನೂ ವಿದ್ಯಾರ್ಥಿಗಳಿಗೆ ಪಾಠದ ಅಂಗವಾಗಿಯೇ ಓದಿಸುತ್ತೇವೆ. ಬಯಲಿನಲ್ಲಿ ನಿಂತ ಬಹುಪಾಲು ವೀರಗಲ್ಲುಗಳಿಗೆ ಊರವರ ಕಣ್ಗಾವಲಲ್ಲದೆ ಬೇರೆ ರಕ್ಷಣೆಯಿಲ್ಲ.

ಯಂತ್ರವು ತಿಳಿಸಲಾರದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ತಾಳಗುಂದದ ಸ್ತಂಭಶಾಸನದ ಸಾಲುಗಳು ಕಂಬದ ಉದ್ದಕ್ಕೂ ಲಂಬವಾಗಿ ಕೆತ್ತಲ್ಪಟ್ಟಿವೆ. ಫೋನಿನಲ್ಲಿ ಚಿತ್ರವನ್ನು ಅಡ್ಡ ತಿರುಗಿಸಿ ಓದಿದ ವಿದ್ಯಾರ್ಥಿಗಳಿಗೆ ಇದು ಗಮನಕ್ಕೇ ಬಂದಿರಲಿಲ್ಲ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತು ಕತ್ತನ್ನು ಓರೆ ಮಾಡಿದಾಗಲೇ ಇಂಥ ಗಟ್ಟಿಕಲ್ಲಿನ ಮೇಲೆ ಇಷ್ಟು ಸುಂದರವಾದ ಅಕ್ಷರಗಳನ್ನು ಬಿಡಿಸಿದವನ ಶ್ರಮ ಅವರಿಗೆ ಅರಿವಾಯಿತು. ವಿದ್ಯೆಗಾಗಿ ಕಾಂಚಿಯ ಘಟಿಕೆಗೆ ಹೋದ ಮಯೂರಶರ್ಮನ ಕಥೆಯನ್ನು ಅಲ್ಲಿಯೇ ಹೇಳಿದೆವು. ಹಿಂದಿರುಗುವ ದಾರಿಯಲ್ಲಿ ಬಳ್ಳಿಗಾವೆಗೆ ಹೋಗಿ, ವೇದ ವ್ಯಾಕರಣ ದರ್ಶನಗಳ ವ್ಯಾಸಂಗಕ್ಕೂ ಅನ್ನದಾನಕ್ಕೂ ರೋಗಿಗಳ ಶುಶ್ರೂಷೆಗೂ ನೆಲೆಯಾಗಿದ್ದ ಕೋಡಿಯಮಠವನ್ನು 1162ರ ಶಾಸನ ಹೇಗೆ ವರ್ಣಿಸುತ್ತದೆಂಬುದನ್ನು ವಿವರಿಸಿದೆವು. ತಾವು ಓದುತ್ತಿರುವ ಸೀಮೆಯು ಹಿಂದೆ ತಾನೇ ಒಂದು ವಿದ್ಯಾಕೇಂದ್ರವಾಗಿತ್ತೆಂಬ ಅರಿವು ಅವರ ಮುಖದಲ್ಲಿ ಕಾಣಿಸಿತು.

ಮೇಲಿನ ಅನುಭವದಿಂದ ನಮಗೆ ತೋರುವುದಿಷ್ಟು. ಯಂತ್ರವನ್ನು ಕಲ್ಲಿಗೆ ಹೋಗುವ ಮೊದಲು ಸಿದ್ಧತೆಗಾಗಿಯೂ, ಹೋಗಿಬಂದ ಮೇಲೆ ಪರಿಶೀಲನೆಗಾಗಿಯೂ ಬಳಸಬೇಕು. ಕಲ್ಲಿಗೆ ಬದಲಾಗಿ ಬಳಸಬಾರದು. ಫೋನಿಲ್ಲದ ವಿದ್ಯಾರ್ಥಿಯೂ ಮಾಡಬಹುದಾದ ಭಾಗವೊಂದು ಪ್ರತಿ ಕೆಲಸದಲ್ಲಿಯೂ ಇರಬೇಕು: ಅಳತೆ ತೆಗೆಯುವುದು, ಊರ ಹಿರಿಯರನ್ನು ವಿಚಾರಿಸುವುದು, ಕೈಬರಹದಲ್ಲಿ ಪ್ರತಿಮಾಡುವುದು ಇಂಥವು. ಪ್ರಕಟಿಸುವ ಮುನ್ನ, ಪ್ರಕಟಣೆಯಿಂದ ಕಲ್ಲಿಗೆ ಏನಾದೀತೆಂದು ಆಲೋಚಿಸಬೇಕು. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ನಮ್ಮ ಉತ್ತರ ಇದೇ: ಚಿತ್ರ ತೆಗೆದದ್ದು ಸರಿ, ಅದನ್ನು ಕಾಯದೆ ಬಿಟ್ಟದ್ದು ತಪ್ಪು, ಆ ತಪ್ಪು ಆಕೆಯದಲ್ಲ, ನಮ್ಮದು. ಒಡೆದ ಕಲ್ಲಿನ ಹೋಳುಗಳನ್ನು ಊರವರು ದೇವಸ್ಥಾನದ ಅಂಗಳಕ್ಕೆ ತಂದಿರಿಸಿದ್ದಾರೆ. ಕಳೆದುಹೋದ ಸಾಲನ್ನು ಪ್ರತಿಕೃತಿಯಿಂದ ಓದಿ, ದುಂಡಾದ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದು, ಅದರ ಪಕ್ಕದಲ್ಲಿಟ್ಟವಳು ಆಕೆಯೇ.