ನೆಟ್ ಇಲ್ಲದೆಯೂ ತೆರೆಯುವ ಗ್ರಂಥಾಲಯ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳು ಡಿಜಿಟಲ್ ಪುಸ್ತಕಕ್ಕಾಗಿ ಇಂಟರ್‌ನೆಟ್‌ನ ದಾರಿ ಕಾಯಲೇಬೇಕಿಲ್ಲ. 2020ರಲ್ಲಿ ಶುರುವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಒಳ್ಳೆಯ ಹೆಜ್ಜೆಯೇ, ಆದರೆ ಅದನ್ನು ತೆರೆಯಲು ನೆಟ್ ಬೇಕು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶ, ಇಡೀ ವಿಕಿಪೀಡಿಯ ಅಡಕವಾದ ಒಂದೇ ಫೈಲನ್ನು ನೆಟ್ ಇಲ್ಲದೆ ತೆರೆಯುತ್ತದೆ. ಕನ್ನಡದ 30 ಸಾವಿರಕ್ಕೂ ಹೆಚ್ಚು ಲೇಖನಗಳು ಸಣ್ಣ ಮೆಮೊರಿ ಕಾರ್ಡಿನಲ್ಲಿ ಹಿಡಿಯುತ್ತವೆ. ಕಾರ್ಡನ್ನು ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರಿಗೆ ಹಾಕಿದರೆ ಅದೇ ವೈಫೈ ಕೊಡುತ್ತದೆ. ಸುತ್ತ ಕೂತವರು ಸಿಮ್ಮು, ಡೇಟಾ ಯಾವುದೂ ಇಲ್ಲದೆ ಓದಬಹುದು. ಕರೆಂಟು ಹೋದರೆ ಪವರ್ ಬ್ಯಾಂಕ್ ಸಾಕು. ಇಡಲು ಜಾಗವೂ ಇದೆ: ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ.

ಡೇಟಾ ಈಗ ಅಗ್ಗವಲ್ಲವೇ ಎನ್ನುವವರಿದ್ದಾರೆ. ಅಗ್ಗವೇ. ಆದರೆ ಮನೆಯ ಒಂದೇ ಫೋನು ಕೂಲಿಗೆ ಹೋದವರ ಜೇಬಿನಲ್ಲಿದ್ದರೆ, ಶಾಲೆ ಬಿಟ್ಟು ಬಂದ ಹುಡುಗಿಗೆ ಆ ಅಗ್ಗದಿಂದ ಸಿಕ್ಕಿದ್ದೇನು? ಅವಳಿಗೆ ಬೇಕಾದದ್ದು ಕೇಂದ್ರದಲ್ಲೇ ಇರುವ ಒಂದು ಟ್ಯಾಬ್. ಮಾಹಿತಿ ಹಳತಾಗುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ತೂಕವಿದೆ. ನೇಮಕಾತಿ ಪ್ರಕಟಣೆ, ಭತ್ತದ ಧಾರಣೆ ಈ ಫೈಲಿನಲ್ಲಿ ಸಿಗುವುದಿಲ್ಲ, ನಿಜ. ಆದರೆ 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಪಾಠವಾಗಲಿ, ಭಿನ್ನರಾಶಿಯಾಗಲಿ ತಿಂಗಳೊಪ್ಪತ್ತಿಗೆ ಬದಲಾಗುವುದಿಲ್ಲ. ಹೊಸ ಫೈಲನ್ನು ತಾಲ್ಲೂಕು ಕೇಂದ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ದರಾಯಿತು. ನಿಜವಾದ ಕೊರತೆ ಇರುವುದು ಹೀಗೆ ಮುಕ್ತವಾಗಿ ಹಂಚಬಹುದಾದ ಕನ್ನಡ ಪುಸ್ತಕಗಳದ್ದು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಸರ್ಕಾರಿ ಹಣದಿಂದ ಪುಸ್ತಕ ತರುವ ಉಳಿದ ಸಂಸ್ಥೆಗಳೂ ಹಾಗೆಯೇ ಕೊಡಬೇಕು.