ಮುಪ್ಪಿನ ಒಂಟಿತನವೂ ನಮ್ಮ ಕರ್ತವ್ಯವೂ

ಮನುಷ್ಯನು ಸಂಘಜೀವಿಯೆಂದು ನಾವೆಲ್ಲರೂ ಓದಿದ್ದೇವೆ. ಆದರೆ ವಯಸ್ಸಾದಂತೆ ಅವನ ಸಂಘವು ಕಿರಿದಾಗುತ್ತ ಹೋಗುವುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಉದ್ಯೋಗದಿಂದ ನಿವೃತ್ತರಾದೊಡನೆ ಜೊತೆಗಾರರು ದೂರವಾಗುವರು. ಸಮವಯಸ್ಕರು ಒಬ್ಬೊಬ್ಬರಾಗಿ ಅಗಲುವರು. ಕಾಲಿನ ಶಕ್ತಿ ಕುಂದಿದಾಗ ಮನೆಯ ಹೊಸಿಲೇ ಲೋಕದ ಎಲ್ಲೆಯಾಗುವುದು.

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಕಾರಣವೂ ಸೇರುವುದುಂಟು. ಊರಿನಲ್ಲಿ ಗದ್ದೆ, ಕೊಟ್ಟಿಗೆ, ದೇವಸ್ಥಾನ, ನೆರೆಹೊರೆಗಳ ನಡುವೆ ಬಾಳಿದ ಅಜ್ಜಿಯವರು ಮಗನ ಮನೆಗೆಂದು ಇಲ್ಲಿಗೆ ಬರುತ್ತಾರೆ. ಅವರಿಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ನೆರೆಮನೆಯಾಕೆ ನಕ್ಕರೆ ಅವರೂ ನಗಬಲ್ಲರು. ಅದರ ಮುಂದೆ ಮಾತಿಲ್ಲ. ಬೆಳಗಿನ ಲೋಕಲ್ ಗಾಡಿಗೆ ಹೊರಟ ಮಗ ಸೊಸೆಯರು ರಾತ್ರಿಯೇ ಮರಳುವರು. ಕೋಟಿಗೂ ಮೀರಿದ ಜನರಿರುವ ನಗರದಲ್ಲಿ ಒಂದು ಜೀವವು ಹಗಲೆಲ್ಲ ಮೌನವಾಗಿರುವುದು.

ತಾವಾಗಿಯೇ ಏಕಾಂತವನ್ನು ಬಯಸಿ ಪುಸ್ತಕವನ್ನೋ ಜಪಮಾಲೆಯನ್ನೋ ಹಿಡಿದು ಕುಳಿತವರು ಸುಖಿಗಳಾಗಿರಬಹುದು. ತುಂಬಿದ ಮನೆಯಲ್ಲಿಯೂ ತಮ್ಮನ್ನು ಕೇಳುವವರಿಲ್ಲವೆನ್ನಿಸುವುದೇ ಒಂಟಿತನ. ಅದು ಬಹುಕಾಲ ಉಳಿದರೆ ಮನಸ್ಸಿನೊಂದಿಗೆ ದೇಹವೂ ಕುಗ್ಗುವುದು. ಹೃದ್ರೋಗದ ಸಂಭವವೂ ಹೆಚ್ಚುವುದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾಮಾಜಿಕ ಸಂಬಂಧಗಳ ವಿಚಾರಕ್ಕಾಗಿಯೇ ಒಂದು ಆಯೋಗವನ್ನು ನೇಮಿಸಿತು. 2024ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ಆಯೋಗವು, ಮರೆಗುಳಿ ರೋಗಕ್ಕೆ ಎಡೆಮಾಡುವ, ಆದರೆ ನಾವು ತಗ್ಗಿಸಬಹುದಾದ, 14 ಕಾರಣಗಳನ್ನು ಹೆಸರಿಸಿತು. ಜನಸಂಪರ್ಕವಿಲ್ಲದಿರುವುದೂ ಕಿವಿ ಮಂದವಾಗುವುದೂ ಅವುಗಳಲ್ಲಿ ಸೇರಿವೆ.

ಕಿವಿಯ ವಿಚಾರವನ್ನೇ ನೋಡೋಣ. ಸರಿಯಾಗಿ ಕೇಳಿಸದ ಅಜ್ಜನವರು ಎರಡು ಸಲ 'ಏನು?' ಎಂದು ಕೇಳಿ, ಮೂರನೆಯ ಸಲ ಸಂಕೋಚದಿಂದ ಸುಮ್ಮನಾಗುವರು. ನಾವು ಅದನ್ನು ಮುಂಗೋಪವೆಂದು ತಿಳಿಯುವೆವು. ಅಂಥವರ ಎದುರಿಗೆ ಬೆಳಕಿನಲ್ಲಿ ಕುಳಿತು, ಕೂಗದೆ, ನಿಧಾನವಾಗಿ ಮಾತನಾಡಬೇಕು. ವೈದ್ಯರಿಗೆ ತೋರಿಸಿದರೆ ಶ್ರವಣಯಂತ್ರದಿಂದ ಅನೇಕರಿಗೆ ಉಪಕಾರವಾಗುವುದು.

ಎರಡು ವಾರಗಳಿಗೂ ಮಿಕ್ಕಿ ಊಟ ಸೇರದೆ, ನಿದ್ರೆ ಬಾರದೆ, ಹಿಂದೆ ಪ್ರಿಯವಾಗಿದ್ದುದೂ ಬೇಡವಾಗಿ, 'ನಾನಿದ್ದು ಏನು ಫಲ' ಎಂದು ಹಿರಿಯರು ಕೊರಗುತ್ತಿದ್ದರೆ, ಅದನ್ನು ವಯಸ್ಸಿನ ಸಹಜ ಗುಣವೆಂದು ಬಿಡಬಾರದು. ಅದು ಖಿನ್ನತೆಯೆಂಬ ರೋಗವಿರಬಹುದು. ಮುಪ್ಪಿನಲ್ಲಿಯೂ ಅದಕ್ಕೆ ಚಿಕಿತ್ಸೆಯುಂಟು. ಅಂಥ ಮಾತು ಕಿವಿಗೆ ಬಿದ್ದ ಕೂಡಲೇ ತಂದೆತಾಯಿಗಳಿಗೆ ತಿಳಿಸಬೇಕು. ಸರಕಾರದ 'ಟೆಲಿ ಮಾನಸ್' ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಹಿರಿಯರಿಗಾಗಿಯೇ 14567 ಎಂಬ ಸಹಾಯವಾಣಿಯೂ ಇದೆ.

ಹಾಗಾದರೆ ವಿದ್ಯಾರ್ಥಿಗಳಾದ ನಮ್ಮಿಂದ ಆಗುವುದೇನು? ವೈದ್ಯರ ಬಳಿಯಿಲ್ಲದ ಒಂದು ಮದ್ದು ನಮ್ಮಲ್ಲಿದೆ. ಅದು ನಮ್ಮ ಕನ್ನಡ. ದಿನಕ್ಕೆ ಅರ್ಧ ಗಂಟೆ ಅಜ್ಜ ಅಜ್ಜಿಯರಿಗೆ ಕನ್ನಡ ಪತ್ರಿಕೆಯನ್ನು ಓದಿ ಹೇಳಬಹುದು. ಊರಿನ ಬಂಧುಗಳೊಡನೆ ದೂರವಾಣಿಯಲ್ಲಿ ಮಾತನಾಡಿಸಬಹುದು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂತಹ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಕೈಹಿಡಿದು ಕರೆದೊಯ್ಯಬಹುದು. ಉಪಚಾರಕ್ಕಿಂತಲೂ ಹಿರಿಯರಿಗೆ ಬೇಕಾದುದು, ತಮ್ಮಿಂದ ಇನ್ನೂ ಪ್ರಯೋಜನವಿದೆಯೆಂಬ ನಂಬಿಕೆ. ಆದುದರಿಂದ ಪಾಠದಲ್ಲಿ ಬಂದ ಕಠಿಣ ಪದದ ಅರ್ಥವನ್ನು ಅವರನ್ನೇ ಕೇಳೋಣ; ಅವರು ಬಲ್ಲ ಗಾದೆ, ಒಗಟು, ಬೀಸುವ ಪದಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳೋಣ.

ನಾವು ಮರಾಠಿಯನ್ನೂ ಬಲ್ಲೆವು. ನಮ್ಮ ಅಜ್ಜಿಗೂ ನೆರೆಮನೆಯ ಮರಾಠಿ ಅಜ್ಜಿಗೂ ನಡುವೆ ನಾಲ್ಕು ದಿನ ದುಭಾಷಿಗಳಾಗಿ ಕುಳಿತರೆ ಸಾಕು. ಐದನೆಯ ದಿನ ಉಪ್ಪಿನಕಾಯಿಯ ಭರಣಿಯು ನಮ್ಮ ನೆರವಿಲ್ಲದೆಯೇ ಆ ಮನೆಗೆ ಹೋಗಬಹುದು. ಹೀಗೆ ಒಂದು ಬಾಗಿಲು ತೆರೆದರೂ ನಾವು ಎರಡು ಭಾಷೆಗಳನ್ನು ಕಲಿತುದು ಸಾರ್ಥಕ.