ಪ್ರಥಮ ಮುದ್ರಣದ ಪರೀಕ್ಷೆ

ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಹಿರಿಯರು ಊರಿನಿಂದ ತಂದ ಕಾದಂಬರಿಗಳು ಇನ್ನೂ ಕೆಲವು ಉಳಿದಿರಬಹುದು. ಕನ್ನಡವನ್ನು ಓದಲಾರದ ತಲೆಮಾರಿನ ಕೈಗೆ ಅವು ಬಂದಾಗ ರದ್ದಿಯವನ ತಕ್ಕಡಿ ದೂರವಿರುವುದಿಲ್ಲ. ಅವುಗಳಲ್ಲಿ ಪ್ರಥಮ ಮುದ್ರಣದ ಪ್ರತಿಯನ್ನು ಗುರುತಿಸುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ಮೊದಲು ನೋಡತಕ್ಕದ್ದು ಶೀರ್ಷಿಕೆ ಪುಟದ ಹಿಂಬದಿಯನ್ನು. ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ, ಮುದ್ರಣಾಲಯದ ಹೆಸರು ಇವು ಸಾಮಾನ್ಯವಾಗಿ ಅಲ್ಲಿರುತ್ತವೆ. ಆದರೆ ಅಲ್ಲಿ ಕಂಡ ಮೊದಲ ವರ್ಷವನ್ನೇ ನಂಬಿ ನಿರ್ಣಯಿಸುವುದು ಸಾಧುವಲ್ಲ. ಮರುಮುದ್ರಣದಲ್ಲಿಯೂ ಮೂಲ ವರ್ಷವನ್ನು ನಮೂದಿಸುವುದುಂಟು. ಹಳೆಯ ಮುನ್ನುಡಿಯನ್ನು ಅದರ ತೇದಿಯೊಡನೆ ಉಳಿಸುವುದೂ ಉಂಟು. ಆದುದರಿಂದ ಇತರ ಸಾಕ್ಷ್ಯಗಳನ್ನು ಕೂಡಿಸಬೇಕು.

ಅವುಗಳಲ್ಲಿ ಒಂದು ಬೆಲೆ. ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದದ್ದು 1933ರಲ್ಲಿ. ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಹೊಸ ಪೈಸೆಯ ಲೆಕ್ಕದಲ್ಲಿ ಬೆಲೆ ಅಚ್ಚಾದ ಪ್ರತಿ ಮೊದಲನೆಯದಾಗಿರಲಾರದು. ಆದರೆ ಉಳಿದ ಹಳೆಯ ಪ್ರತಿಗಳ ಮೇಲೆ ಮೊಹರೊತ್ತಿದ ಅಥವಾ ಚೀಟಿ ಅಂಟಿಸಿದ ಬೆಲೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದು.

ಇನ್ನೊಂದು ವಿಳಾಸ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಧಾರವಾಡದ ಮನೋಹರ ಗ್ರಂಥಮಾಲೆ 1965ರಲ್ಲಿ ಪ್ರಕಟಿಸಿತು. ಅಂಚೆಯ ಪಿನ್ ಸಂಖ್ಯೆ ಬಂದದ್ದು 1972ರಲ್ಲಿ. ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆದದ್ದು 1973ರಲ್ಲಿ. ಪ್ರಕಾಶಕರ ವಿಳಾಸದಲ್ಲಿ ಪಿನ್ ಸಂಖ್ಯೆ ಅಚ್ಚಾಗಿದ್ದರೆ ಆ ಪ್ರತಿ ಮೊದಲ ಮುದ್ರಣದ್ದಲ್ಲ.

ಮೂರನೆಯದು ಶೀರ್ಷಿಕೆ. ಕುವೆಂಪು ಅವರ 1936ರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಇಂದು ‘ಕಾನೂರು ಹೆಗ್ಗಡಿತಿ’ ಎಂದೇ ಪ್ರಸಿದ್ಧ. ಹೆಸರೇ ಹೀಗೆ ಮಾರ್ಪಟ್ಟಲ್ಲಿ ಪಾಠವೂ ಮಾರ್ಪಟ್ಟಿದೆಯೇ ಎಂಬುದನ್ನು ಮೊದಲ ಪ್ರತಿಯೊಡನೆ ಹೋಲಿಸಿಯೇ ತಿಳಿಯಬೇಕು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮೇಲಿನ ಗುರುತುಗಳು ‘ಇದು ಮೊದಲನೆಯದಲ್ಲ’ ಎಂದು ಸಾಧಿಸಬಲ್ಲವು. ‘ಇದೇ ಮೊದಲನೆಯದು’ ಎಂದು ತಾವಾಗಿ ಸಾಧಿಸಲಾರವು. ಅದಕ್ಕೆ ಹೊರಗಿನ ಆಧಾರ ಬೇಕು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಬ್ರಿಟಿಷ್ ಪ್ರಾಂತಗಳಲ್ಲಿ ಅಚ್ಚಾದ ಪುಸ್ತಕದ ಪುಟಸಂಖ್ಯೆ, ಆವೃತ್ತಿ, ಪ್ರತಿಗಳ ಸಂಖ್ಯೆ, ಬೆಲೆಗಳನ್ನು ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕಾಗಿತ್ತು. ಧಾರವಾಡವೂ ನಾಸಿಕವೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಧಾರವಾಡದ ಪುಸ್ತಕಗಳನ್ನು ಆ ಪ್ರಾಂತದ ಪಟ್ಟಿಯಲ್ಲಿಯೂ, ಮಂಗಳೂರಿನವನ್ನು ಮದರಾಸಿನ ಪಟ್ಟಿಯಲ್ಲಿಯೂ ಹುಡುಕಬೇಕು. ಆಗ ಔರಂಗಾಬಾದ್ ಎನಿಸಿದ್ದ ಸಂಭಾಜಿನಗರವು ಕಲಬುರಗಿ, ಬೀದರ, ರಾಯಚೂರುಗಳೊಡನೆ ನಿಜಾಮನ ಆಳ್ವಿಕೆಯಲ್ಲಿದ್ದಿತು. ಸಂಸ್ಥಾನಗಳಲ್ಲಿ ಅಚ್ಚಾದ ಪುಸ್ತಕಗಳಿಗೆ ಪ್ರತಿಯೊಳಗಿನ ಸಾಕ್ಷ್ಯವೇ ಮುಖ್ಯ ಆಧಾರ.

ಒಡೆಯನ ಸಹಿ, ತೇದಿ, ಗ್ರಂಥಾಲಯದ ಮೊಹರು ಇವೂ ಅಂಥ ಸಾಕ್ಷ್ಯವೇ. 1938ರ ಸಹಿಯುಳ್ಳ ಪ್ರತಿ, ಆ ಸಹಿ ನಿಜವಾದುದಾದರೆ, ಆ ವರ್ಷಕ್ಕಿಂತ ಈಚಿನ ಮುದ್ರಣವಾಗಿರಲಾರದು. ಆದಕಾರಣ ರಟ್ಟು ಕಟ್ಟಿಸುವಾಗ ಮೊದಲ ಹಾಳೆಗಳನ್ನೂ ಮೂಲ ಹೊದಿಕೆಯನ್ನೂ ಕಿತ್ತೆಸೆಯಬಾರದು.

ಅಪರೂಪದ ಪ್ರತಿಗೆ ಹೆಚ್ಚಿನ ಬೆಲೆ ಬರಬಹುದು. ಅದು ವರ್ತಕರ ಮಾತು. ನಮಗೆ ಮುಖ್ಯವಾದುದು, ಲೇಖಕನು ಮೊದಲು ಓದುಗರ ಮುಂದಿಟ್ಟ ಪಾಠ. ಅದು ತಕ್ಕಡಿಗೆ ಹೋದ ಮೇಲೆ ಯಾವ ಮರುಮುದ್ರಣವೂ ಅದನ್ನು ತಂದುಕೊಡಲಾರದು. ಕಪಾಟನ್ನು ಬರಿದುಮಾಡುವ ಮುನ್ನ ಶೀರ್ಷಿಕೆ ಪುಟವನ್ನೊಮ್ಮೆ ತಿರುವಿ ನೋಡುವ ಶ್ರಮವನ್ನು ವಾಚಕರು ವಹಿಸಬೇಕೆಂದು ಪ್ರಾರ್ಥನೆ.